ಕಾಳಿಯ ಬೆನ್ನು ಹತ್ತಿ

ನಾಯಿ ಸಾಕಿದವರ ಮಾತು ಎಲ್ಲಿಂದ ಹೊರಟರೂ ನಾಯಿಯ ಬಳಿಗೇ ಬಂದು ನಿಲ್ಲುತ್ತದೆ. ಕಚೇರಿಯಲ್ಲಿ ಊಟದ ಹೊತ್ತಿಗೆ ನಾನು ಮನೆಯ ನಾಯಿಯ ಪ್ರತಾಪಗಳನ್ನು ಬಣ್ಣಿಸುತ್ತಿದ್ದಾಗ ಹಿರಿಯ ಸಹೋದ್ಯೋಗಿಯೊಬ್ಬರು, ‘ನಿಮ್ಮ ನಾಯಿ ಹಾಗಿರಲಿ, ಸಾವಿರ ವರ್ಷದ ಹಿಂದೆ ಒಂದು ನಾಯಿ ಸತ್ತಿದ್ದಕ್ಕೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟಿದ್ದಾರೆ. ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿದೆ, ಹೋಗಿ ನೋಡಿ’ ಎಂದರು. ಇತಿಹಾಸವೆಂದರೆ ಇಸವಿಗಳ ಉರು ಎಂದುಕೊಂಡು ಎಸ್ಸೆಸ್ಸೆಲ್ಸಿಯೊಂದಿಗೇ ಅದರಿಂದ ಕೈತೊಳೆದುಕೊಂಡಿದ್ದ ನಾನು ಆ ವಾರದ ಕೊನೆಯಲ್ಲೇ ಅಲ್ಲಿಗೆ ಹೋದೆ. ಇತಿಹಾಸಕ್ಕಾಗಿ ಅಲ್ಲ, ನಾಯಿಗಾಗಿ.

ಅದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಕಲ್ಲು. ಅದರಲ್ಲಿ ಬೇಟೆನಾಯಿಯೊಂದು ಕಾಡುಹಂದಿಯ ಮೇಲೆ ಬಿದ್ದು ಸೆಣಸುತ್ತಿರುವ ಚಿತ್ರ, ಸುತ್ತಲೂ ಒತ್ತೊತ್ತಾಗಿ ಕೊರೆದ ಹಳೆಯ ಲಿಪಿ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನು ಗಂಗರ ಇಮ್ಮಡಿ ಬೂತುಗನ ನೆರವಿನಿಂದ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ಮೇಲೆ, ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ಬೂತುಗನ ಸೇವಕನಿಗೆ ಬೇಕಾದುದನ್ನು ಕೇಳಿಕೊಳ್ಳುವ ಅವಕಾಶ ಸಿಕ್ಕಿತು. ಆತ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಂತಿತು, ಭೂಮಿಯ ದತ್ತಿಯಾಯಿತು. ಆ ಕಲ್ಲಿಗೆ ಪೂಜೆ ಮಾಡದೆ ಗೊರವ, ಅಂದರೆ ಗುಡಿಯ ಶೈವ ಪೂಜಾರಿ, ಉಂಡರೆ ಅವನಿಗೆ ಪಾಪ ತಟ್ಟುತ್ತದೆಂಬ ಶಾಪವೂ ಸೇರಿತು. ಊರನ್ನೋ ಹೊನ್ನನ್ನೋ ಕೇಳಬಹುದಾಗಿದ್ದ ಮನುಷ್ಯ ನಾಯಿಯನ್ನು ಕೇಳಿದನಲ್ಲ ಎಂಬ ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಇದನ್ನು ಬೇರೆಯವರು ಬರೆದ ಸಾರಾಂಶದಲ್ಲಿ ಓದಿದರೆ ಸಾಲದು, ಕಲ್ಲಿನಲ್ಲೇ ಓದಬೇಕೆನ್ನಿಸಿತು.

ಲಿಪಿಯನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಯುವ ತಾಳ್ಮೆ ನನ್ನಲ್ಲಿರಲಿಲ್ಲ. ಕಲ್ಲಿನ ಫೋಟೋಗಳನ್ನು ಮೊಬೈಲಿನಲ್ಲಿ ತೆಗೆದುಕೊಂಡು ಬಂದೆ. ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಅಚ್ಚಾದ ಪಾಠವನ್ನು ಮಗ್ಗುಲಲ್ಲಿಟ್ಟುಕೊಂಡು, ಮೊದಲು ಕಾಳಿಯ ಹೆಸರನ್ನೇ ಹುಡುಕಿದೆ. ಅದು ಸಿಕ್ಕಿದಾಗ ಹತ್ತನೆಯ ಶತಮಾನದ ‘ಕ’ ಮತ್ತು ‘ಳ’ ನನ್ನವಾದವು. ಬೂತುಗನಿಂದ ‘ಬ’, ‘ತ’, ‘ಗ’ ಬಂದವು. ಮಣಲೆರನಿಂದ ‘ಮ’, ‘ಣ’, ‘ಲ’, ‘ರ’. ಒಂದೊಂದು ಅಕ್ಷರವನ್ನೂ ನೋಟ್‌ಬುಕ್ಕಿನಲ್ಲಿ ಕಂಡ ಹಾಗೆಯೇ ಬಿಡಿಸಿಕೊಂಡು, ಅದರ ಕೆಳಗೆ ಇಂದಿನ ರೂಪವನ್ನು ಬರೆಯುತ್ತ ಹೋದಂತೆ ಕಲ್ಲಿನ ಬಿರುಕು ಯಾವುದು, ಉಳಿಯ ಗೆರೆ ಯಾವುದು ಎಂಬುದೂ ಕಣ್ಣಿಗೆ ರೂಢಿಯಾಯಿತು. ಮತ್ತೆ ಹೋದಾಗ, ನೇರ ಬೆಳಕಿನಲ್ಲಿ ಮಾಸಿದಂತಿದ್ದ ಸಾಲುಗಳು ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ಗೆರೆಗೆರೆಯಾಗಿ ಎದ್ದು ಬರುವುದನ್ನು ಗಮನಿಸಿದೆ. ಬಲ್ಲವರಿಗೆ ಇದು ಮೊದಲ ದಿನದ ಪಾಠವಿರಬಹುದು, ನನಗೆ ಅಂದು ದೊಡ್ಡ ಶೋಧ.

ನನ್ನನ್ನು ಹೆಚ್ಚು ದಿನ ಕಾಡಿದ್ದು ಕಾಲದ ಲೆಕ್ಕ. ಶಾಸನ ಶಕವರ್ಷ ‘ಎಣ್ಟುನೂಱೆೞ್ಪತ್ತೆರಡನೆಯ’ ಸೌಮ್ಯ ಸಂವತ್ಸರ ಎನ್ನುತ್ತದೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಎಂಬುದು ಎಲ್ಲರಿಗೂ ಗೊತ್ತಿರುವ ಸೂತ್ರ. 872ಕ್ಕೆ 78 ಸೇರಿದರೆ 950. ಪುಸ್ತಕಗಳು ಮಾತ್ರ 949 ಎನ್ನುತ್ತಿದ್ದವು. ಆ ಒಂದು ವರ್ಷ ಎಲ್ಲಿ ಹೋಯಿತು? ಪರೀಕ್ಷೆಗೆ ಓದುತ್ತಿದ್ದ ಕಾಲವಾಗಿದ್ದರೆ 949 ಎಂದು ಬರೆದು ಅಂಕ ಪಡೆದು ಮುಂದೆ ಹೋಗುತ್ತಿದ್ದೆ. ಈಗ ಯಾರೂ ಅಂಕ ಕೊಡುವವರಿಲ್ಲದ್ದರಿಂದ ಬಿಡಲು ಮನಸ್ಸಾಗಲಿಲ್ಲ. ಆಗ ನೆನಪಾದದ್ದು ಅಕ್ಕನ ಜಾತಕ: 1969, ಸೌಮ್ಯ ಸಂವತ್ಸರ. ಅರವತ್ತು ಸಂವತ್ಸರಗಳ ಚಕ್ರ ನಮ್ಮ ಕಡೆ ತಪ್ಪದೆ ಸುತ್ತುತ್ತದೆಯಾದ್ದರಿಂದ, ಅಕ್ಕನ ಸೌಮ್ಯದಿಂದ ಅರವತ್ತರಂತೆ ಹಿಂದೆ ಹಿಂದೆ ಹೋದೆ. ಹದಿನೇಳು ಸುತ್ತಿಗೆ 1020 ವರ್ಷ ಕಳೆದು, 949 ಸಿಕ್ಕಿತು. ಶಾಸನದ 872 ಎಂದರೆ ತುಂಬಿದ ವರ್ಷವಲ್ಲ, ನಡೆಯುತ್ತಿರುವ ವರ್ಷ. ಮೊದಲನೆಯ ವರ್ಷದಲ್ಲಿರುವ ಮಗುವಿಗೆ ಇನ್ನೂ ಒಂದು ತುಂಬಿರುವುದಿಲ್ಲವಲ್ಲ, ಹಾಗೆ. ತುಂಬಿದ್ದು 871, ಅದಕ್ಕೆ 78 ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆಸಕ್ತಿಯಿಂದ ಕಲಿಯುವುದನ್ನು ಹೊಗಳುವವರು ಬಾಯಿಪಾಠವನ್ನು ಹೀಗಳೆಯುವುದು ವಾಡಿಕೆ. ಆದರೆ ದೀಪ ಹಚ್ಚಿದ ಮೇಲೆ ಅಜ್ಜ ನಮ್ಮನ್ನು ಸಾಲಾಗಿ ಕೂರಿಸಿ ‘ಪ್ರಭವ, ವಿಭವ, ಶುಕ್ಲ’ ಎಂದು ಅಕ್ಷಯದವರೆಗೂ ಹೇಳಿಸದಿದ್ದರೆ, ಸೌಮ್ಯವು ಪಟ್ಟಿಯಲ್ಲಿ ನಲವತ್ತಮೂರನೆಯದೆಂದಾಗಲಿ, ಅದು ಮತ್ತೆ ಸುತ್ತಿ ಬರುತ್ತದೆಂದಾಗಲಿ ನನಗೆ ಹೊಳೆಯುತ್ತಲೇ ಇರಲಿಲ್ಲ. ಬಾಯಿಪಾಠ ಅಷ್ಟು ವರ್ಷ ಸುಮ್ಮನೆ ಬಿದ್ದಿತ್ತು. ಅದನ್ನು ಕೆಲಸಕ್ಕೆ ಹಚ್ಚಿದ್ದು ನನ್ನದೇ ಆದ ಒಂದು ಪ್ರಶ್ನೆ. ಶಾಲೆಯಲ್ಲಿ ಓದಿದ್ದ ರಾಷ್ಟ್ರಕೂಟರು, ಗಂಗರು ಕೂಡ ಹೀಗೆಯೇ ಒಬ್ಬೊಬ್ಬರಾಗಿ ಬಂದು ಕಾಳಿಯ ಸುತ್ತ ಕುಳಿತರು. ಬೂತುಗ ಕೃಷ್ಣನ ಅಕ್ಕನ ಗಂಡ ಎಂದು ತಿಳಿದಾಗ, ಗೆಲುವಿನ ನಂತರ ಅವನಿಗೆ ಬನವಾಸಿ ಪನ್ನಿರ್ಛಾಸಿರದಂಥ (ಹನ್ನೆರಡು ಸಾವಿರವೆಂದು ಹೆಸರಾದ) ದೊಡ್ಡ ನಾಡು ಉಡುಗೊರೆಯಾಗಿ ಸಿಕ್ಕಿದ್ದು ಅರ್ಥವಾಯಿತು. ಪಂಪ ಆದಿಪುರಾಣ ಬರೆದ 941ಕ್ಕೂ ಈ ಕಲ್ಲಿಗೂ ಎಂಟೇ ವರ್ಷಗಳ ಅಂತರ. ಹಳಗನ್ನಡವೆಂದರೆ ಹಿಂಜರಿಯುತ್ತಿದ್ದ ನಾನು ಪಂಪನನ್ನು ತೆರೆದದ್ದು ಆ ನೆರೆಹೊರೆಯ ಧೈರ್ಯದ ಮೇಲೆ.

ಈಗ ಹಟ ಬೇರೊಂದು ಕಡೆಗೆ ತಿರುಗಿದೆ. ನಮ್ಮ ಕಲ್ಲಿನಲ್ಲಿ ತಕ್ಕೋಲ ಗೆದ್ದವರ ಮಾತಿದೆ. ಸೋತವರು ಆ ದಿನವನ್ನು ಹೇಗೆ ಬರೆದುಕೊಂಡರು ಎಂಬುದನ್ನೂ ಓದಬೇಕು. ಚೋಳರ ಶಾಸನಗಳು ರಾಜಾದಿತ್ಯನನ್ನು ಆನೆಯ ಮೇಲೆಯೇ ಮಡಿದ ಅರಸನೆಂದು ಗೌರವದಿಂದ ನೆನೆಯುತ್ತವೆ. ತಕ್ಕೋಲ ಇರುವುದು ಅರಕ್ಕೋಣಂ ಪಕ್ಕದಲ್ಲಿ. ಆ ಊರಿನವರೊಬ್ಬರು ನಮ್ಮ ಕಚೇರಿಯಲ್ಲೇ ಇದ್ದಾರೆ. ಊಟದ ಹೊತ್ತಿಗೆ ಅವರು ನನಗೆ ತಮಿಳು ಅಕ್ಷರ ತಿದ್ದಿಸುತ್ತಾರೆ, ನಾನು ಅವರಿಗೆ ಕಾಳಿಯ ಕಥೆಯನ್ನು ಕಂತುಕಂತಾಗಿ ಹೇಳುತ್ತಿದ್ದೇನೆ.