ಕಾರಿನ ಎಣ್ಣೆ ಉಳಿದಿತ್ತು

ಕೈಮರ ದಾಟಿ ಏರು ಶುರುವಾಗುತ್ತಿದ್ದಂತೆ ಭಾವನ ಸ್ಪ್ಲೆಂಡರ್ ಎಳೆಯುವುದನ್ನೇ ಬಿಟ್ಟಿತು. ಅತ್ತಿಗುಂಡಿಯಲ್ಲಿ ನೆಂಟರ ಮನೆ ಗೃಹಪ್ರವೇಶ. ಚಿಕ್ಕಮಗಳೂರಿನಿಂದ ಬೆಳಗ್ಗೆಯೇ ಹೊರಟಿದ್ದೆವು. ಪೇಟೆಯಿಂದ ಕೈಮರದವರೆಗೆ ಗಾಡಿಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ತಿರುವುಗಳು ಬಂದ ಮೇಲೆ ಭಾವ ಎಕ್ಸಲೇಟರ್ ಕೊಟ್ಟಷ್ಟೂ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಮೂರನೇ ಗೇರಿನಲ್ಲಿ ಪೂರ್ತಿ ಸೋತಿತು. ಎರಡಕ್ಕೆ ಇಳಿಸಿದರೂ ಅದೇ ಪಾಡು. ಒಂದನೇ ಗೇರಿನಲ್ಲಿ ಹೇಗೋ ತೆವಳಿತು.

ಎಂಜಿನ್ ತಿರುಗುತ್ತಿದೆ, ಚಕ್ರಕ್ಕೆ ಆ ಬಲ ಮುಟ್ಟುತ್ತಿಲ್ಲ ಅಂದರೆ ನಡುವೆ ಕ್ಲಚ್ ಜಾರುತ್ತಿದೆ ಅಂತಲೇ ಅರ್ಥ. ಪಕ್ಕಕ್ಕೆ ನಿಲ್ಲಿಸಿ ಮೊದಲು ಕೇಬಲ್ ನೋಡಿದೆವು. ಕೇಬಲ್ ಬಿಗಿಯಾಗಿದ್ದರೂ ಕ್ಲಚ್ ಜಾರುತ್ತದೆ, ಅದಕ್ಕೇ ಲಿವರಿನಲ್ಲಿ ಸ್ವಲ್ಪ ಆಟ ಬಿಟ್ಟಿರಬೇಕು. ಅದು ಸರಿಯಾಗಿಯೇ ಇತ್ತು. ಪ್ಲೇಟ್ ಸವೆದಿದ್ದರೆ ಇಷ್ಟು ದಿಢೀರ್ ಅಂತ ಆಗುತ್ತಿರಲಿಲ್ಲ, ಹೋದ ತಿಂಗಳು ಇದೇ ಗಾಡಿ ಇಬ್ಬರನ್ನು ಹೊತ್ತು ಚಾರ್ಮಾಡಿ ಘಾಟಿ ಹತ್ತಿತ್ತು.

"ಭಾವ, ಈಚೆಗೆ ಆಯಿಲ್ ಏನಾದ್ರೂ ಬದಲಾಯಿಸಿದ್ರಾ?" ಅಂತ ಕೇಳಿದೆ.

"ಹೋದ ವಾರ ನಾನೇ ಬದಲಾಯಿಸಿದೆ ಕಣೋ. ನಮ್ಮ ಅಣ್ಣನ ಕಾರಿಗೆ ಹಾಕಿ ಉಳಿದಿತ್ತಲ್ಲ, ಅದನ್ನೇ ಹಾಕಿದೆ. ಫುಲ್ ಸಿಂಥೆಟಿಕ್. ಬೈಕಿನ ಆಯಿಲಿಗಿಂತ ಎಷ್ಟು ಜಾಸ್ತಿ ದುಡ್ಡು ಗೊತ್ತಾ ಅದಕ್ಕೆ!"

ಭಾವ ಜಿಪುಣತನದಿಂದ ಮಾಡಿದ್ದಲ್ಲ. ಆ ಗಾಡಿ ಮೇಲೆ ಅವರಿಗೆ ಅಷ್ಟು ಪ್ರೀತಿ. ಆಲ್ದೂರಿನ ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ವರ್ಷಗಟ್ಟಲೆ ಓಡಾಡಿದ ಗಾಡಿ. ಒಳ್ಳೆಯ ಎಣ್ಣೆ ಕುಡಿಯಲಿ ಅಂತ ಹಾಕಿದ್ದಾರೆ. ಎಣ್ಣೆ ಒಳ್ಳೆಯದೇ, ಅನುಮಾನವಿಲ್ಲ. ಆದರೆ ಅದು ಕಾರಿಗೆ ಮಾಡಿದ ಎಣ್ಣೆ.

ಕಾರಿನಲ್ಲಿ ಎಂಜಿನ್ ಆಯಿಲ್‌ಗೆ ಎಂಜಿನ್ ನೋಡಿಕೊಳ್ಳುವುದೊಂದೇ ಕೆಲಸ. ಗೇರ್ ಬಾಕ್ಸಿಗೆ ಬೇರೆ ಎಣ್ಣೆ. ಗೇರ್ ಹಾಕಿ ಓಡಿಸುವ ಕಾರಿನ ಕ್ಲಚ್ಚಿಗೆ ಎಣ್ಣೆಯ ಸೋಂಕೇ ಇಲ್ಲ, ಅದು ಒಣಗಿರಬೇಕು. ನಮ್ಮ ಸಾಮಾನ್ಯ ಬೈಕುಗಳಲ್ಲಿ ಹಾಗಲ್ಲ. ಪಿಸ್ಟನ್, ಗೇರು, ಕ್ಲಚ್ ಪ್ಲೇಟು ಎಲ್ಲಕ್ಕೂ ಒಂದೇ ಎಣ್ಣೆ, ಕ್ಲಚ್ ಅದರಲ್ಲೇ ಮುಳುಗಿರುತ್ತದೆ. ಎಂಜಿನ್ ಸವೆಯದ ಹಾಗೆ ನುಣುಪು ಮಾಡಬೇಕು, ಗೇರಿನ ಹಲ್ಲುಗಳ ನಡುವೆ ಜಜ್ಜಿಸಿಕೊಂಡರೂ ತಡೆಯಬೇಕು, ಕ್ಲಚ್ ಪ್ಲೇಟುಗಳು ಒಂದನ್ನೊಂದು ಹಿಡಿಯುವಾಗ ಜಾರದಂತೆಯೂ ಇರಬೇಕು. ನುಣುಪು ಮಾಡಿಯೂ ಜಾರಿಸಬಾರದು! ಆ ಎಣ್ಣೆಯ ಮೇಲೆ ನಾವು ಹೊರಿಸುವ ಭಾರ ಎಷ್ಟು ಅಂತ ಯೋಚಿಸಿದರೆ ನನಗೆ ಈಗಲೂ ಅಚ್ಚರಿಯಾಗುತ್ತದೆ.

ಅಷ್ಟರಲ್ಲಿ ನೆಂಟರ ಜೀಪೊಂದು ಅದೇ ದಾರಿಯಲ್ಲಿ ಬಂತು. ಗಾಡಿಯನ್ನು ನಿಧಾನಕ್ಕೆ ಕೈಮರಕ್ಕೆ ಇಳಿಸಿ, ಅಲ್ಲಿ ಒಂದು ಅಂಗಡಿ ಪಕ್ಕ ನಿಲ್ಲಿಸಿ ಜೀಪು ಹತ್ತಿದೆವು. ಊಟ ಮುಗಿಸಿ ಸಂಜೆ ವಾಪಸ್ ಬಂದು, ಐ.ಜಿ. ರಸ್ತೆ ಹತ್ತಿರ ಭಾವನಿಗೆ ಗೊತ್ತಿದ್ದ ಮೆಕ್ಯಾನಿಕ್ ಹತ್ತಿರ ಹೋದೆವು. ವಯಸ್ಸಾದವರು. ಮಾತು ಕಮ್ಮಿ. ವಿಷಯ ಕೇಳಿ, "ಡಬ್ಬ ಮನೇಲಿದ್ಯಾ? ಫೋಟೋ ತರಿಸಿ" ಅಂದರು. ಅಕ್ಕ ಫೋಟೋ ಕಳಿಸಿದಳು.

ಡಬ್ಬದ ಮುಂದೆ ದಪ್ಪ ಅಕ್ಷರದಲ್ಲಿ 5ಡಬ್ಲ್ಯೂ-30, ಎಣ್ಣೆ ಎಷ್ಟು ಗಟ್ಟಿ ಅಂತ ಹೇಳುವ ಅಂಕಿ. ಹಿಂಭಾಗದ ದುಂಡು ಮುದ್ರೆಯಲ್ಲಿ ಎಪಿಐ ಎಸ್ಎನ್, ಅದು ಎಣ್ಣೆಯ ಗುಣಮಟ್ಟದ ದರ್ಜೆ. ಅದರ ಕೆಳಗೆ 'ರಿಸೋರ್ಸ್ ಕನ್ಸರ್ವಿಂಗ್' ಅಂತ ಸಣ್ಣಗೆ. ಅವರು ಬೆರಳಿಟ್ಟಿದ್ದು ಆ ಸಣ್ಣ ಅಕ್ಷರಕ್ಕೇ. ಇದು ಇಂಧನ ಉಳಿಸಲೆಂದು ಮಾಡಿದ ಎಣ್ಣೆ, ಇಂಥದ್ದರಲ್ಲಿ ತಿಕ್ಕಾಟ ತಗ್ಗಿಸುವ ರಾಸಾಯನಿಕ ಬೆರೆಸಿರುತ್ತಾರೆ. ಕಾರಿಗೆ ಒಳ್ಳೆಯದು, ಮೈಲೇಜ್ ಸ್ವಲ್ಪ ಏರುತ್ತದೆ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಅದೇ ಶತ್ರು.

ಈ ತೊಂದರೆ ನಮಗೊಬ್ಬರಿಗೇ ಬಂದದ್ದಲ್ಲ. ಕಾರಿನ ಎಣ್ಣೆಗಳು ಹೀಗೆ ಬದಲಾಗುತ್ತಾ ಹೋದಾಗ ಬೈಕಿನ ಕ್ಲಚ್‌ಗಳಿಗೆ ಕಷ್ಟವಾಯಿತು. ಅದಕ್ಕೇ ವಾಹನಗಳಿಗೆ ಮಾನದಂಡ ಗೊತ್ತುಮಾಡುವ ಜಪಾನಿನ ಜಾಸೋ ಸಂಸ್ಥೆ 1998ರಲ್ಲಿ ನಾಲ್ಕು ಸ್ಟ್ರೋಕಿನ ಬೈಕುಗಳ ಎಣ್ಣೆಗೆಂದೇ ಬೇರೆ ಮಾನದಂಡ ತಂದಿತು. ಕ್ಲಚ್ ಹಿಡಿತ ಪರೀಕ್ಷೆ ಮಾಡಿ ಪಾಸಾದ ಎಣ್ಣೆಗೆ ಎಂಎ, ಹಿಡಿತ ಕಮ್ಮಿ ಇರುವುದಕ್ಕೆ ಎಂಬಿ. ಆಮೇಲೆ 2006ರಲ್ಲಿ ಎಂಎ ಒಳಗೇ ಎಂಎ1, ಎಂಎ2 ಅಂತ ಎರಡು ಮಾಡಿದರು. ಎಂಎ2ರಲ್ಲಿ ಹಿಡಿತ ಇನ್ನೂ ಜಾಸ್ತಿ. ಬೈಕಿನ ಎಣ್ಣೆ ಬಾಟಲಿ ಹಿಂದೆ ಸಣ್ಣ ಚೌಕದಲ್ಲಿ ಇದು ಇರುತ್ತದೆ. ಬಾಟಲಿ ಕೈಗೆ ತಗೊಂಡರೆ ನಾನೀಗ ಮೊದಲು ನೋಡುವುದು ಅದನ್ನೇ, ಬೆಲೆ ಆಮೇಲೆ.

ಮೆಕ್ಯಾನಿಕ್ ಕ್ಲಚ್ ಬಿಚ್ಚಲು ಹೋಗಲಿಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. "ಸುಮ್ನೆ ಪ್ಲೇಟ್ ಖರ್ಚು ಯಾಕೆ? ಸರಿಯಾದ ಎಣ್ಣೆ ಹಾಕಿ ಓಡ್ಸಿ. ಒಂದಿಷ್ಟು ದಿನ ಬಿಟ್ಟು ಇನ್ನೊಂದು ಸಲ ಬದಲಾಯಿಸೋಣ. ಆಗ್ಲೂ ಜಾರಿದ್ರೆ ಬಿಚ್ಚಿ ನೋಡೋಣ" ಅಂದರು. ಎಂಜಿನ್ ಬೆಚ್ಚಗಿರುವಾಗಲೇ ಡ್ರೈನ್ ಬೋಲ್ಟ್ ತೆಗೆದರು, ಬಿಸಿಯಿದ್ದರೆ ಎಣ್ಣೆ ಪೂರ್ತಿ ಇಳಿಯುತ್ತದೆ. ಹಾಕಿದ್ದು ಗಾಡಿಯ ಪುಸ್ತಕದಲ್ಲಿ ಹೇಳಿದ 10ಡಬ್ಲ್ಯೂ-30, ಜಾಸೋ ಎಂಎ. ಆ ಸಂಜೆಯೇ ಸ್ವಲ್ಪ ಗುಣ ಕಂಡಿತು, ಎರಡನೇ ಸಲ ಬದಲಾಯಿಸಿದ ಮೇಲೆ ಪೂರ್ತಿ ಸರಿಹೋಯಿತು.

"ಘಾಟಿ ಹತ್ತೋ ಗಾಡಿಗೆ ದಪ್ಪ ಎಣ್ಣೆ ಬೇಡ್ವಾ? 20ಡಬ್ಲ್ಯೂ-50 ಹಾಕಿದ್ರೆ?" ಅಂತ ಭಾವ ಅಲ್ಲೇ ಕೇಳಿದ್ದರು. ನಮ್ಮ ಕಡೆ ಎಷ್ಟೋ ಜನರ ನಂಬಿಕೆ ಇದು. ಡಬ್ಲ್ಯೂ ಮುಂದಿನ ಅಂಕಿ ಚಳಿಯಲ್ಲಿ ಎಣ್ಣೆ ಹೇಗಿರುತ್ತದೆ ಅಂತ ಹೇಳುತ್ತದೆ. 10ಡಬ್ಲ್ಯೂ ಎಣ್ಣೆಯನ್ನು ಪರೀಕ್ಷಿಸುವುದು ಮೈನಸ್ 25 ಡಿಗ್ರಿಯಲ್ಲಿ, 20ಡಬ್ಲ್ಯೂ ಆದರೆ ಮೈನಸ್ 15ರಲ್ಲಿ. ಮುಳ್ಳಯ್ಯನಗಿರಿಯ ಡಿಸೆಂಬರ್ ಚಳಿಯೂ ಅದರ ಹತ್ತಿರ ಸುಳಿಯುವುದಿಲ್ಲ. ಎರಡನೇ ಅಂಕಿ 100 ಡಿಗ್ರಿಯಲ್ಲಿ ಎಷ್ಟು ಗಟ್ಟಿ ಅಂತ ಹೇಳುತ್ತದೆ. ಏರಿನಲ್ಲಿ ನಿಧಾನಕ್ಕೆ ಹತ್ತುವಾಗ ಗಾಳಿಯಲ್ಲೇ ತಣಿಯುವ ಎಂಜಿನ್‌ಗೆ ಗಾಳಿ ಸಾಲದೆ ಬಿಸಿ ಏರುತ್ತದೆ, ನಿಜ. ಆದರೆ ಎಂಜಿನ್ ಒಳಗಿನ ಸಂದು, ಎಣ್ಣೆ ಹರಿಯುವ ದಾರಿ, ಪಂಪು ಎಲ್ಲವನ್ನೂ ಒಂದು ಗಟ್ಟಿಗೆ ತಕ್ಕಂತೆ ಮಾಡಿರುತ್ತಾರೆ. 30ಕ್ಕೆ ಮಾಡಿದ ಸಣ್ಣ ಎಂಜಿನ್‌ಗೆ 50 ಹಾಕಿದರೆ ಬೆಳಗ್ಗೆ ಎಣ್ಣೆ ಮೇಲಿನವರೆಗೆ ತಲುಪುವುದು ನಿಧಾನವಾಗುತ್ತದೆ, ಎಳೆತ ಭಾರವಾಗುತ್ತದೆ. ಈಗಿನ 350 ಸಿಸಿ ರಾಯಲ್ ಎನ್‌ಫೀಲ್ಡ್‌ಗೆ 15ಡಬ್ಲ್ಯೂ-50 ಹೇಳಿದ್ದಾರೆ, ಅದಕ್ಕೆ ಅದು ಸರಿ.

ಮಲೆನಾಡಿನವರು ಎಣ್ಣೆಯ ಗಟ್ಟಿಗಿಂತ ಹೆಚ್ಚು ಯೋಚಿಸಬೇಕಾದದ್ದು ಮಳೆಗಾಲವನ್ನು. ತೋಟದ ಮನೆಯಿಂದ ರಸ್ತೆಗೆ, ಡೈರಿಗೆ, ಅಂಗಡಿಗೆ ಅಂತ ಹತ್ತು ನಿಮಿಷದ ಓಡಾಟ. ಎಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ಆಫ್. ಒಳಗೆ ಕೂತ ತೇವ ಆವಿಯಾಗಿ ಹೋಗುವುದೇ ಇಲ್ಲ, ಎಣ್ಣೆ ಜೊತೆ ಸೇರುತ್ತದೆ. ಜುಲೈ, ಆಗಸ್ಟಿನಲ್ಲಿ ಎಣ್ಣೆ ಮುಚ್ಚಳ ತೆಗೆದು ನೋಡಿ. ಒಳಭಾಗದಲ್ಲಿ ಹಾಲು ಜಾಸ್ತಿಯಾದ ಕಾಫಿ ಬಣ್ಣದ ಲೋಳೆ ಅಂಟಿದ್ದರೆ, ಮೀಟರಿನಲ್ಲಿ ಎಷ್ಟೇ ಕಮ್ಮಿ ಕಿಲೋಮೀಟರ್ ತೋರಿಸಲಿ, ಬದಲಾಯಿಸಿಬಿಡಿ. ಭಾವನ ಗಾಡಿಗೆ ಮಳೆಗಾಲ ಮುಗಿದ ತಕ್ಷಣ ಒಂದು ಬದಲಾವಣೆ ಈಗ ಕಡ್ಡಾಯ.

ಅಂಗಡಿಯಲ್ಲಿ ಅಕ್ಕನ ಸ್ಕೂಟರಿಗೂ ಒಂದು ಬಾಟಲಿ ತಗೊಂಡೆವು. ಒಂದೇ ಕಂಪನಿ, ಅದೇ 10ಡಬ್ಲ್ಯೂ-30, ಆದರೆ ಚೌಕದಲ್ಲಿ ಎಂಬಿ. ಗೇರಿಲ್ಲದ ಸ್ಕೂಟರಿನಲ್ಲಿ ಕ್ಲಚ್ ಹೊರಗೆ ಒಣಗಿ ಕೂತಿರುತ್ತದೆ, ಹಾಗಾಗಿ ನಡೆಯುತ್ತದೆ. ಬೈಕಿನ ಎಂಎ ಸ್ಕೂಟರಿಗೆ ಹೋದರೆ ಎಂಜಿನ್‌ಗೆ ತೊಂದರೆಯಿಲ್ಲ. ಸ್ಕೂಟರಿನ ಎಂಬಿ ಬೈಕಿಗೆ ಹೋಗಬಾರದು ಅಷ್ಟೇ. ಭಾವ ಅಲ್ಲೇ ಮಾರ್ಕರ್ ಕೇಳಿ ಪಡೆದು, ಎರಡೂ ಬಾಟಲಿ ಮೇಲೆ ಯಾವುದು ಯಾವ ಗಾಡಿಗೆ ಅಂತ ದೊಡ್ಡದಾಗಿ ಬರೆದರು.