ಕತೆಗೂ ಕತ್ತೆಗೂ ನಡುವಿನ ಮೌನ

ಮುಳಬಾಗಿಲಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಜ್ಜಿ ಹೇಳಿದ ಕತೆಗಳನ್ನು ಕಳೆದ ಬೇಸಿಗೆಯಲ್ಲಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಮಾತನ್ನು ಬರಹವಾಗಿಸುವ ನ್ಯೂರಲ್ ಜಾಲವೊಂದಕ್ಕೆ, ಅಂದರೆ ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ವ್ಯವಸ್ಥೆಯೊಂದಕ್ಕೆ, ಕೊಟ್ಟೆ. “ಒಂದು ಕತೆ ಹೇಳ್ತೀನಿ” ಎಂಬ ಮೊದಲ ಸಾಲೇ “ಒಂದು ಕತ್ತೆ ಹೇಳ್ತೀನಿ” ಎಂದಾಗಿತ್ತು.

ಅಜ್ಜಿ ನಗುವಷ್ಟು ನಕ್ಕರು; ನನಗೆ ಮಾತ್ರ ಕಾರಣ ತಿಳಿಯಬೇಕೆನ್ನಿಸಿತು. ಇಂಥ ಜಾಲಗಳು ಸಾಮಾನ್ಯವಾಗಿ ಸೆಕೆಂಡಿಗೆ 16,000 ಬಾರಿ ಅಳೆದು ದಾಖಲಿಸಿದ ಧ್ವನಿಯನ್ನು ಹತ್ತಿಪ್ಪತ್ತು ಮಿಲಿಸೆಕೆಂಡುಗಳ ಹೆಜ್ಜೆಯಲ್ಲಿ ನೋಡುತ್ತ ಸಾಗುತ್ತವೆ. ನಾನು ಬಳಸಿದ ಜಾಲ 2006ರಲ್ಲಿ ಸಂಶೋಧಕ ಅಲೆಕ್ಸ್ ಗ್ರೇವ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಸಿಟಿಸಿ (ಕನೆಕ್ಷನಿಸ್ಟ್ ಟೆಂಪೊರಲ್ ಕ್ಲಾಸಿಫಿಕೇಶನ್) ವಿಧಾನದ್ದು. ಅದು ಪ್ರತಿ ಹೆಜ್ಜೆಗೂ ಒಂದು ಅಕ್ಷರಚಿಹ್ನೆಯನ್ನೋ ಖಾಲಿ ಗುರುತನ್ನೋ ಊಹಿಸಿ, ಒಂದರ ಹಿಂದೊಂದು ಬಂದ ಒಂದೇ ಚಿಹ್ನೆಗಳನ್ನು ಕೂಡಿಸಿ, ಖಾಲಿಗಳನ್ನು ತೆಗೆದುಹಾಕುತ್ತದೆ. ಇಂಗ್ಲಿಷಿನ ಜೋಡಿ ಅಕ್ಷರಗಳು ಹೀಗೆ ಕೂಡಿಹೋಗದಿರಲು ನಡುವೆ ಖಾಲಿ ಗುರುತು ಬೀಳಲೇಬೇಕು. ನಮ್ಮ “ತ್ತ” ಕಂಪ್ಯೂಟರಿನ ಅಕ್ಷರಸಂಕೇತವಾದ ಯೂನಿಕೋಡಿನಲ್ಲಿ ತಕಾರ, ಹಲಂತ (ಸ್ವರವಿಲ್ಲವೆಂದು ತೋರಿಸುವ ಗುರುತು), ತಕಾರ ಎಂದೇ ಇರುವುದರಿಂದ ಹಲಂತವೇ ಬೇಲಿಯಾಗುತ್ತದೆ. ಆದರೆ ಆ ಹಲಂತವನ್ನು ಬರೆಯಬೇಕೋ ಬೇಡವೋ ಎಂಬುದಕ್ಕೆ ಕಿವಿಗೆ ಸಿಗುವ ಮುಖ್ಯ ಸುಳಿವೆಂದರೆ, ನಾಲಿಗೆ ಹಲ್ಲಿಗೆ ತಾಗಿ ಉಸಿರು ತಡೆದು ನಿಂತ ಆ ಕ್ಷಣಮಾತ್ರದ ಮೌನ ಎಷ್ಟು ಉದ್ದವಿತ್ತು ಎಂಬುದು. ಎಂಬತ್ತು ದಾಟಿದ ಅಜ್ಜಿ ಎಲ್ಲವನ್ನೂ ನಿಧಾನವಾಗಿಯೇ ಆಡುತ್ತಾರೆ. ಅವರ ಒಂಟಿ ತಕಾರ ಬೇರೆಯವರ ಒತ್ತಕ್ಷರದಷ್ಟು ಉದ್ದವಿದ್ದರೆ ಜಾಲವನ್ನು ದೂರುವುದು ಹೇಗೆ?

ಎರಡನೆಯ ತೊಡಕು ಇದಕ್ಕಿಂತ ಸೊಗಸಾದದ್ದು. ಅಜ್ಜಿಯ ಕತೆಗಳಲ್ಲಿ ರೈತ ಕನ್ನಡದಲ್ಲಿಯೂ ರಾಜ ತೆಲುಗಿನಲ್ಲಿಯೂ ಮಾತಾಡುತ್ತಾರೆ. ಆಂಧ್ರದ ಗಡಿಗೆ ಅಂಟಿಕೊಂಡ ನಮ್ಮ ಸೀಮೆಯಲ್ಲಿ ಇದೇನೂ ವಿಶೇಷವಲ್ಲ. ರಾಜ ತೆಲುಗಿನಲ್ಲಿ “ಎಕ್ಕಡ?”, ಅಂದರೆ ‘ಎಲ್ಲಿ?’, ಎಂದು ಕೇಳಿದಾಗ ಜಾಲವೂ “ಎಕ್ಕಡ” ಎಂದೇ ಬರೆದಿತ್ತು. ಒಂದಕ್ಷರವೂ ತಪ್ಪಿಲ್ಲ, ಆದರೆ ಕನ್ನಡದ ಕಣ್ಣಿಗೆ ರಾಜ ತನ್ನ ಚಪ್ಪಲಿಯನ್ನು ಹುಡುಕುತ್ತಿದ್ದಾನೆ. ತಪ್ಪಾದ ಪದಗಳನ್ನು ಎಣಿಸಿ ಅಂಕ ಕೊಡುವ ಲೆಕ್ಕದಲ್ಲಿ ಈ ಸಾಲಿಗೆ ಪೂರ್ತಿ ಅಂಕ.

ಇನ್ನು ಹಕಾರದ ಪಾಡು. ಅಜ್ಜಿ “ಆಲು” ಎಂದದ್ದನ್ನು ಜಾಲ “ಹಾಲು” ಎಂದು ತಿದ್ದಿ ಬರೆಯುತ್ತದೆ, ಏಕೆಂದರೆ ಅದು ಕಲಿತ ಪಠ್ಯವೆಲ್ಲ ಪುಸ್ತಕದ ಕಾಗುಣಿತದ್ದು. ಅಡುಗೆಮನೆಯ ಲೆಕ್ಕ ಬರೆಯಲು ಈ ತಿದ್ದುಪಡಿ ಉಪಕಾರವೇ ಸರಿ. ಅಜ್ಜಿಯ ಮಾತನ್ನು ಉಳಿಸಿಕೊಳ್ಳಲು ಕೂತವನಿಗೆ ಅದು ನಷ್ಟ. ಹಾಗಾಗಿ ಜಾಲವನ್ನು ಮತ್ತೆ ಪಳಗಿಸಲೆಂದು ಕತೆಗಳನ್ನು ಹತ್ತು ಹತ್ತು ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಪ್ರತಿಯೊಂದಕ್ಕೂ ಎರಡು ಸಾಲು ಬರೆಯುತ್ತಿದ್ದೇನೆ: ಒಂದು ಅಜ್ಜಿ ಆಡಿದಂತೆ, ಇನ್ನೊಂದು ಪುಸ್ತಕದಂತೆ. ಸದ್ಯಕ್ಕೆ ರಾಜ ಇನ್ನೂ ಅರಮನೆಯ ಬಾಗಿಲಲ್ಲೇ ಇದ್ದಾನೆ.