ಒಂದೇ ನಾಬ್, ಎರಡು ಗದ್ದೆ

ಎರಡನೇ ಹಾಡು ಅರ್ಧ ಆಗುವಷ್ಟರಲ್ಲಿ ನನ್ನ ಗಿಟಾರ್ ನನಗೇ ಕೇಳಿಸುವುದು ನಿಂತುಹೋಯಿತು.

ತಂತಿ ಕಡಿದಿರಲಿಲ್ಲ, ವೈರ್ ಕಿತ್ತಿರಲಿಲ್ಲ. ಗಿಟಾರ್ ಸದ್ದಿಗೆ ಎಫೆಕ್ಟ್ ಸೇರಿಸುವ ಪ್ರೊಸೆಸರ್ ಪೆಟ್ಟಿಗೆಯ ಲೈಟುಗಳೆಲ್ಲ ಉರಿಯುತ್ತಲೇ ಇದ್ದವು. ಆದರೆ ನಮಗೆ ಕೇಳಲೆಂದೇ ಕಾಲ ಬುಡದಲ್ಲಿಟ್ಟ ಸ್ಪೀಕರ್, ಅಂದರೆ ಮಾನಿಟರ್‌ನಿಂದ ಬರುತ್ತಿದ್ದುದು ರಿದಂ ಪ್ಯಾಡ್, ಕೀಬೋರ್ಡ್ ಮತ್ತು ಗಾಯಕರ ದನಿ ಅಷ್ಟೇ. ಅರಸೀಕೆರೆ ಹತ್ತಿರದ ಒಂದು ಊರಿನ ಗಣೇಶೋತ್ಸವ ಅದು. ನಮ್ಮದು ವಾರವೆಲ್ಲ ಬೇರೆ ಬೇರೆ ಕೆಲಸ ಮಾಡಿಕೊಂಡು ಶನಿವಾರ, ಭಾನುವಾರ ನುಡಿಸುವ ಆರ್ಕೆಸ್ಟ್ರಾ. ಗಣೇಶನ ಹಬ್ಬದಿಂದ ರಾಜ್ಯೋತ್ಸವದ ತನಕ ನಮಗೆ ಸುಗ್ಗಿ.

ನನಗೆ ನಾನು ಕೇಳದಿದ್ದರೆ ಏನು ಮಾಡುತ್ತೇನೆ? ಎಲ್ಲ ಗಿಟಾರ್‌ನವರೂ ಮಾಡುವುದನ್ನೇ. ಬಗ್ಗಿ ಪ್ರೊಸೆಸರ್‌ನ ವಾಲ್ಯೂಮ್ ನಾಬ್ ಸ್ವಲ್ಪ ಏರಿಸಿದೆ. ಒಂದು ಕ್ಷಣ ಕೇಳಿಸಿತು, ಖುಷಿಯಾಯಿತು. ಅಷ್ಟರಲ್ಲಿ ಮತ್ತೆ ಮಾಯ. ಮತ್ತೆ ಏರಿಸಿದೆ. ಮತ್ತೆ ಕೇಳಿಸಿತು, ಮತ್ತೆ ಮಾಯ. ಮೂರನೇ ಹಾಡಿಗೆ ನಾಬ್ ಕೊನೆ ಮುಟ್ಟಿತ್ತು. ಪೆಂಡಾಲ್‌ನ ಆ ತುದಿಯಲ್ಲಿ ಮಿಕ್ಸರ್ ಮುಂದೆ ಕೂತಿದ್ದ ಸೌಂಡ್ ಅಣ್ಣನಿಗೆ ಕೈ ಮೇಲೆ ಮಾಡಿ ಸನ್ನೆ ಮಾಡಿದೆ. ಅವರು ಕೈ ಕೆಳಗೆ ಮಾಡಿ ತೋರಿಸಿದರು. ಬೇಕಂತಲೇ ಮಾಡುತ್ತಿದ್ದಾರೆ ಅಂದುಕೊಂಡೆ. ಮಧ್ಯಾಹ್ನ ಸೌಂಡ್ ಚೆಕ್ ಹೊತ್ತಿಗೆ ಅರ್ಧ ಗಂಟೆ ಕಾಯಿಸಿದ್ದಕ್ಕೆ ಸೇಡು ಇರಬೇಕು ಅಂತಲೂ ಅನ್ನಿಸಿತು.

ಮಾನಿಟರ್ ಕೈಕೊಟ್ಟರೆ ಉಳಿಯುವುದು ಹೊರಗಿನ ದೊಡ್ಡ ಸ್ಪೀಕರ್‌ಗಳ ಸದ್ದು. ಅವು ನಮಗೆ ಬೆನ್ನು ಹಾಕಿ ಜನರ ಕಡೆ ನಿಂತಿರುತ್ತವೆ. ಸ್ಟೇಜಿಗೆ ಬರುವುದು ಬರೀ ಗುಂಯ್ ಅನ್ನುವ ಬೇಸ್ ಮತ್ತು ಎದುರಿನ ಗೋಡೆಗೆ ಹೊಡೆದು ವಾಪಸ್ ಬರುವ ದನಿ. ಅಲ್ಲಿ ಎದುರಿಗಿದ್ದುದು ಸ್ಕೂಲ್ ಕಟ್ಟಡ, 30 ಮೀಟರ್ ದೂರ ಇದ್ದೀತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಹೋಗಿ ಬರಲು 60 ಮೀಟರ್, ಅಂದರೆ 0.17 ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಏನು ಮಹಾ ಅನ್ನಿಸಬಹುದು. ಆದರೆ ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ಒಂದು ಬೀಟಿಗೆ ಸಿಗುವುದೇ ಅರ್ಧ ಸೆಕೆಂಡ್. ಗೋಡೆಯಿಂದ ಬಂದ ಗಿಟಾರ್ ಕೇಳಿಕೊಂಡು ನುಡಿಸಿದರೆ ಮೂರನೇ ಒಂದು ಬೀಟ್ ಹಿಂದೆ ಬೀಳುತ್ತೀರಿ. ನಾನು ಬಿದ್ದೆ. ಪ್ಯಾಡ್ ನುಡಿಸುವ ಗೆಳೆಯ ತಿರುಗಿ ನೋಡಿದ ನೋಟ ಇನ್ನೂ ನೆನಪಿದೆ.

ನನ್ನ ಪುಣ್ಯಕ್ಕೆ ಆ ಹೊತ್ತಿಗೆ ಸನ್ಮಾನ ಶುರುವಾಯಿತು. ಶಾಲು, ಹಾರ, ಫಲತಾಂಬೂಲ, ಆಮೇಲೆ ಭಾಷಣ. ಇಂಥ ಕಾರ್ಯಕ್ರಮಗಳಲ್ಲಿ ಸನ್ಮಾನ ಬಂತೆಂದರೆ ಇಪ್ಪತ್ತು ನಿಮಿಷ ಗ್ಯಾರಂಟಿ. ಬೇರೆ ದಿನ ಗೊಣಗುತ್ತೇನೆ, ಅವತ್ತು ಓಡಿದೆ. ಜಗಳಕ್ಕೇ ಹೋಗಿದ್ದು, ಸುಳ್ಳು ಯಾಕೆ ಹೇಳಲಿ.

ಸೌಂಡ್ ಅಣ್ಣ ಜಗಳ ಆಡಲಿಲ್ಲ. "ನೀವು ಏರಿಸ್ತಾನೇ ಇದ್ರೆ ನಾನೇನ್ ಮಾಡ್ಲಿ ಸಾರ್? ಮುಂದಿನ ಸಾಲಲ್ಲಿ ಅಜ್ಜಿ ಕಿವಿ ಮುಚ್ಕೊಂಡ್ ಕೂತಿದ್ರು. ಹಾಡೋರ ದನಿ ಮುಳುಗಿಹೋಗಿತ್ತು. ಅದಕ್ಕೇ ಇಳಿಸ್ದೆ" ಅಂದರು. ಇಳಿಸಿದ್ದು ಯಾವುದನ್ನು? ನನ್ನ ಚಾನೆಲ್ಲಿನ ಫೇಡರ್, ಅಂದರೆ ಮಿಕ್ಸರ್ ಮೇಲೆ ನನ್ನ ಗಿಟಾರ್ ಸದ್ದು ಏರಿಸಿ ಇಳಿಸುವ ಜಾರುಗುಂಡಿ. ಅದು ಹೊರಗಿನ ಸ್ಪೀಕರಿಗೆ ತಾನೇ, ಮಾನಿಟರ್ ಯಾಕೆ ಹೋಯಿತು ಅಂತ ಕೇಳಿದೆ. ಆಗ ಅವರು ಮಿಕ್ಸರ್ ಮೇಲೆ ಬೆರಳಿಟ್ಟು ತೋರಿಸಿದರು. ಚಿಕ್ಕ ಮಿಕ್ಸರ್ ಅದು, ಎರಡೇ ಆಕ್ಸ್, ಅಂದರೆ ಸದ್ದನ್ನು ಬೇರೆ ಕಡೆ ಕಳಿಸುವ ಕವಲು ದಾರಿ. ಒಂದನೇ ಆಕ್ಸ್ ಪ್ರೀ-ಫೇಡರ್, ಫೇಡರಿಗಿಂತ ಮುಂಚೆಯೇ ಕವಲಾಗುವುದು. ಅದು ಗಾಯಕರ ಮುಂದಿನ ಮಾನಿಟರಿಗೆ ಹೋಗಿತ್ತು. ನಮ್ಮ ಕಡೆಯ ಮಾನಿಟರಿಗೆ ಉಳಿದದ್ದು ಎರಡನೆಯದು, ಅದು ಪೋಸ್ಟ್-ಫೇಡರ್, ಫೇಡರ್ ದಾಟಿದ ಮೇಲೆ ಕವಲಾಗುವುದು. ಎಕೋ, ರಿವರ್ಬ್ ಕಳಿಸಲು ಇರುವ ದಾರಿ. ಫೇಡರ್ ಇಳಿಸಿದರೆ ಅಲ್ಲಿಯೂ ಇಳಿಯುತ್ತದೆ.

"ಕೆರೆ ತೂಬು ಇದ್ದಂಗೆ ಸಾರ್" ಅಂದರು. "ತೂಬಿಗಿಂತ ಮುಂಚೆ ನಿಮ್ಮ ಗದ್ದೆಗೆ ಬೇರೆ ಕಾಲುವೆ ತೆಗೆದಿದ್ರೆ ನಾನ್ ತೂಬು ಮುಚ್ಚಿದ್ರೂ ನಿಮಗೆ ನೀರು ಬರುತ್ತೆ. ತೂಬಿನಿಂದ ಆಚೆ ತೆಗೆದಿದ್ರೆ ಇಬ್ಬರಿಗೂ ಒಣ."

ನಾನು ಏರಿಸುವುದು, ಹೊರಗೆ ಜೋರಾಗುವುದು, ಅವರು ಇಳಿಸುವುದು, ನನಗೆ ಕೇಳದೇ ಹೋಗುವುದು, ನಾನು ಮತ್ತೆ ಏರಿಸುವುದು. ಮೂರು ಹಾಡು ನಾವಿಬ್ಬರೂ ಗಾಣ ತಿರುಗಿಸಿದ್ದೆವು.

ಹಾಗಾದರೆ ನನಗೂ ಪ್ರೀ ಕೊಟ್ಟುಬಿಡಿ ಅಂದೆ. ಕೊಟ್ಟರೂ ನೀವು ನಾಬ್ ಮುಟ್ಟಿದರೆ ಮುಗೀತು ಅಂದರು. ಇದು ನನಗೆ ಹೊಳೆದೇ ಇರಲಿಲ್ಲ. ನನ್ನ ಪ್ರೊಸೆಸರ್‌ನ ನಾಬ್ ಇರುವುದು ಎಲ್ಲಕ್ಕಿಂತ ಮೊದಲು, ಕೆರೆಯಲ್ಲೇ. ಅಲ್ಲಿ ಏರಿಸಿದರೆ ಪ್ರೀ ಇರಲಿ ಪೋಸ್ಟ್ ಇರಲಿ, ಎರಡೂ ಕಡೆ ಏರುತ್ತದೆ. ನನಗಷ್ಟೇ ಜಾಸ್ತಿ ಬೇಕಿದ್ದರೆ ದಾರಿ ಕವಲಾದ ಮೇಲೆ ನನ್ನದೇ ಒಂದು ನಾಬ್ ಬೇಕು.

ಕೀಬೋರ್ಡ್ ನುಡಿಸುವ ಗೆಳೆಯ ತನ್ನದೇ ಪವರ್ಡ್ ಸ್ಪೀಕರ್ (ಆಂಪ್ಲಿಫೈಯರ್ ಒಳಗೇ ಇರುವಂಥದ್ದು) ಹೊತ್ತು ತರುತ್ತಾನೆ. ಅದಕ್ಕೆ ನಾವೆಲ್ಲ ನಗುತ್ತಿದ್ದೆವು. ಅವತ್ತು ಅದರ ಹಿಂದೆ ಖಾಲಿ ಇದ್ದ ಎರಡನೇ ಇನ್‌ಪುಟ್ ನೋಡಿ ಅವನ ಕಾಲು ಹಿಡಿಯುವುದೊಂದು ಬಾಕಿ. ಪ್ರೊಸೆಸರ್‌ನ ಎಡ ಔಟ್‌ಪುಟ್ ಡಿಐ ಬಾಕ್ಸ್ (ಸಿಗ್ನಲ್ಲನ್ನು ಉದ್ದ ವೈರಿನಲ್ಲಿ ಮಿಕ್ಸರಿಗೆ ಕಳಿಸಲು ಹೊಂದಿಸುವ ಪುಟ್ಟ ಪೆಟ್ಟಿಗೆ) ಮೂಲಕ ಮಿಕ್ಸರಿಗೆ, ಬಲ ಔಟ್‌ಪುಟ್ ಅವನ ಸ್ಪೀಕರಿಗೆ. ಜ್ಯಾಕ್ ಹಾಕಿದ ಕೂಡಲೇ ಗುಂ ಅಂತ ಹಮ್ ಬಂತು. ಅವನ ಸ್ಪೀಕರ್ ಬೇರೆ ಪ್ಲಗ್ಗಿನಲ್ಲಿತ್ತು, ಮಿಕ್ಸರ್ ಬೇರೆ ಕಡೆ. ಸೌಂಡ್ ಅಣ್ಣ ಬಂದು ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್, ಅಂದರೆ ಎರಡರ ನಡುವಿನ ಗ್ರೌಂಡ್ ಸಂಪರ್ಕ ಕಡಿಯುವ ಸ್ವಿಚ್ ಒತ್ತಿದರು, ನಿಂತಿತು. ಹೋಗುವಾಗ ಕಪ್ಪು ಟೇಪಿನ ಒಂದು ತುಂಡು ಹರಿದು ನನ್ನ ನಾಬ್ ಮೇಲೆ ಅಂಟಿಸಿಯೇ ಹೋದರು. ಮರ್ಯಾದೆ ಹೋಯಿತು, ಆದರೆ ಸರಿಯಾಗಿಯೇ ಮಾಡಿದರು.

ಸನ್ಮಾನ ಮುಗಿದ ಮೇಲೆ ನುಡಿಸಿದ್ದೇ ಬೇರೆ. ಸ್ಪೀಕರ್ ಹಿಂದಿನ ನಾಬ್ ಎಷ್ಟು ತಿರುಗಿಸಿದರೂ ಹೊರಗೆ ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ. ಹೊರಗೆ ಅವರು ಏನು ಮಾಡಿದರೂ ನನ್ನ ಕಿವಿಗೆ ಗೊತ್ತಾಗುತ್ತಿರಲಿಲ್ಲ. ಒಂದು ಸಲ ಆಸೆಗೆ ಬಿದ್ದು ಜಾಸ್ತಿ ಏರಿಸಿದೆ. ನನ್ನ ಗಿಟಾರ್ ಗಾಯಕಿಯ ಮೈಕಿನೊಳಗೆ ನುಗ್ಗಿ ಹಿತ್ತಿಲ ಬಾಗಿಲಿಂದ ಹೊರಗಿನ ಸ್ಪೀಕರಿಗೆ ಹೋಗತೊಡಗಿತು. ಸೌಂಡ್ ಅಣ್ಣ ಎದ್ದು ನಿಂತರು. ಇಳಿಸಿದೆ. ಸ್ಪೀಕರನ್ನು ಮೊಣಕಾಲಿಗಲ್ಲ, ಮುಖಕ್ಕೆ ಬರುವ ಹಾಗೆ ಕೆಳಗೊಂದು ಇಟ್ಟಿಗೆ ಚೂರು ಕೊಟ್ಟು ಓರೆ ಮಾಡಿದ ಮೇಲೆ ಅಷ್ಟು ಜೋರು ಬೇಕೇ ಆಗಲಿಲ್ಲ.

ಒಂದು ಎಡವಟ್ಟು ಮಾತ್ರ ಮನೆಗೆ ಬಂದು ಮೊಬೈಲ್ ರೆಕಾರ್ಡಿಂಗ್ ಕೇಳಿದಾಗ ಗೊತ್ತಾಯಿತು. ಒಂದು ಹಾಡಿಗೆ ಎಡಕ್ಕೊಂದು ಬಲಕ್ಕೊಂದು ಬಡಿಯುವ ಡಿಲೇ (ಪ್ರತಿಧ್ವನಿಯ ಎಫೆಕ್ಟ್) ಹಾಕಿದ್ದೆ. ಎರಡು ಔಟ್‌ಪುಟ್ಟೂ ಚುಚ್ಚಿದ್ದರಿಂದ ಪ್ರೊಸೆಸರ್ ಸ್ಟೀರಿಯೋ ಆಗಿತ್ತು. ಜನರಿಗೆ ಸಿಕ್ಕಿದ್ದು ಎಡಗಡೆಯ ಅರ್ಧ, ನನಗೆ ಬಲಗಡೆಯದು. ಯಾರೂ ಗಮನಿಸಲಿಲ್ಲ ಅನ್ನುವುದು ಬೇರೆ ವಿಷಯ.

ಆಮೇಲೆ ನನ್ನದೇ ಒಂದು ಪ್ಯಾಸಿವ್ (ಕರೆಂಟ್ ಬೇಡದ) ಡಿಐ ಬಾಕ್ಸ್ ತಗೊಂಡೆ. ಈಗ ಪ್ರೊಸೆಸರ್‌ನ ಮೋನೋ ಔಟ್‌ಪುಟ್ ಒಂದೇ ಬಳಸುತ್ತೇನೆ. ಅದು ಡಿಐ ಬಾಕ್ಸಿಗೆ, ಅಲ್ಲಿಂದ ಒಂದು ವೈರ್ ಮಿಕ್ಸರಿಗೆ, ಒಳಬಂದ ಸದ್ದನ್ನು ಹಾಗೇ ಹೊರಬಿಡುವ ಪಕ್ಕದ ಥ್ರೂ ಜ್ಯಾಕಿನಿಂದ ಇನ್ನೊಂದು ನನ್ನ ಸ್ಪೀಕರಿಗೆ. ಎರಡು ಕಡೆಗೂ ಅದೇ ಸದ್ದು. ಸೋಲೋ ಬಂದಾಗ ಮಾತ್ರ ಪ್ರೊಸೆಸರ್ ಒಳಗೇ ಬೂಸ್ಟ್ ಒತ್ತುತ್ತೇನೆ, ಅದು ಎರಡೂ ಕಡೆ ಏರಲೇಬೇಕಾದದ್ದು ಅಲ್ವಾ. ಹೀಲಿಕ್ಸ್‌ನಂಥ ದುಬಾರಿ ಪ್ರೊಸೆಸರ್‌ಗಳಲ್ಲಿ ದೊಡ್ಡ ನಾಬ್ ಯಾವ ಔಟ್‌ಪುಟ್ಟಿಗೆ ಮಾತ್ರ ತಾಗಬೇಕು ಅಂತ ಸೆಟ್ಟಿಂಗ್‌ನಲ್ಲೇ ಹೇಳಬಹುದು. ನನ್ನದು ಅಷ್ಟು ಜಾಣ ಅಲ್ಲ.

ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಅದೇ ಸೌಂಡ್ ಅಣ್ಣ ಸಿಕ್ಕರು. ನನ್ನ ಸಾಮಾನು ಇಳಿಸುವಾಗ ಹತ್ತಿರ ಬಂದು ಬಗ್ಗಿ ನೋಡಿದರು. ನಾಬ್ ಮೇಲೆ ಅವರ ಟೇಪು ಹಾಗೇ ಇತ್ತು, ಅಂಚಿಗೆ ಧೂಳು ಹಿಡಿದಿತ್ತು. ಏನೂ ಹೇಳದೆ ಅದನ್ನು ಕಿತ್ತು, ಹೊಸದೊಂದು ತುಂಡು ಅಂಟಿಸಿ ಹೋದರು.